ಸಹಾಯ ಬೇಕು: ಮನೆಗೆ ಮಾಂಸದ ಸ್ಲೈಸರ್ ಯಾವುದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಕ್ರಿಸ್ಮಸ್‌ಗೆ ಮನೆಯಲ್ಲೇ ಹಂದಿ ಮಾಂಸಕ್ಕೆ ಉಪ್ಪು ಹಿಡಿಸಿ ಹ್ಯಾಮ್ ಮಾಡುತ್ತೇವೆ. ಚಾಕುವಿನಲ್ಲಿ ಎಷ್ಟು ಹುಷಾರಾಗಿ ಕೊಯ್ದರೂ ಹೋಳಿನ ಒಂದು ಬದಿ ಕಾಗದದಷ್ಟು ತೆಳು, ಇನ್ನೊಂದು ಬದಿ ಬೆರಳು ದಪ್ಪ. ಅದಕ್ಕೇ ಕರೆಂಟಿನ ಸ್ಲೈಸರ್ ನೋಡುತ್ತಿದ್ದೇನೆ.

ಮನೆ ಬಳಕೆಯವು ಹೆಚ್ಚಾಗಿ 19 ಸೆಂ.ಮೀ. ಬ್ಲೇಡಿನವು. ಐದು-ಹತ್ತು ನಿಮಿಷ ಓಡಿಸಿ ಮೋಟಾರ್ ತಣ್ಣಗಾಗಲು ಬಿಡಬೇಕಂತೆ. ಎರಡು-ಮೂರು ಕೆಜಿಗೆ ಇದು ಸಾಕಾ? 25 ಸೆಂ.ಮೀ.ನ ಅಂಗಡಿ ಮೆಷಿನ್ ಇಟ್ಟರೆ ಅಡುಗೆಮನೆ ಕಟ್ಟೆ ಅರ್ಧ ಹೋಯಿತು ಅಂತಲೇ ಲೆಕ್ಕ.

ಮುಖ್ಯವಾದ ಪ್ರಶ್ನೆ ಇದು. ಅಣ್ಣ ಅಮೆರಿಕದಿಂದ ತರುತ್ತೇನೆ ಅನ್ನುತ್ತಿದ್ದಾನೆ. ಅಲ್ಲಿ 120 ವೋಲ್ಟ್, 60 ಹರ್ಟ್ಜ್. ನಮ್ಮದು 230, 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಾಗಲ್ಲ ಅಲ್ವಾ? ಹಾಗೆ ಓಡಿಸಿದವರು ಇದ್ದೀರಾ, ಮೋಟಾರ್ ಜಾಸ್ತಿ ಬಿಸಿಯಾಯಿತಾ? ನನಗಂತೂ ಇಲ್ಲೇ ತಗೊಳ್ಳೋದು ವಾಸಿ ಅನಿಸುತ್ತಿದೆ.

ಮೂಳೆ ಇರಬಾರದು, ಮಾಂಸ ಕಲ್ಲಿನಂತೆ ಹೆಪ್ಪುಗಟ್ಟಿರಬಾರದು ಅನ್ನೋದು ಗೊತ್ತು. ಸ್ವಲ್ಪ ಬಿಗಿಯಾಗಲು ಫ್ರೀಜರಿನಲ್ಲಿ ಎಷ್ಟು ಹೊತ್ತು ಇಡುತ್ತೀರಿ? ಬ್ಲೇಡ್ ಹಿಂದೆ ಸಿಕ್ಕಿಕೊಳ್ಳುವ ಕೊಬ್ಬನ್ನು ಹೇಗೆ ತೆಗೆಯುತ್ತೀರಿ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಲಾಕ್ ಇರುವ ಮಾಡೆಲ್ ಇದ್ದರೆ ದಯವಿಟ್ಟು ತಿಳಿಸಿ.