ಕಾದಂಬರಿ ಅರ್ಧಕ್ಕೆ ನಿಂತಿದೆ. ದಿನಾ ಕೂತು ಬರೆಯುವವರು ಸ್ವಲ್ಪ ಹೇಳಿ

ತೋಟದ ರೈಟ್ರು (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ 11 ವರ್ಷದಿಂದ ರೈಟರ್ ಆಗಿದ್ದೇನೆ. ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ತೋಟದ ಲೆಕ್ಕ ಬರೆಯುವವನನ್ನು ರೈಟ್ರು ಅಂತಲೇ ಕರೆಯುವುದು. ಹಾಜರಿ, ಚೆಕ್‌ರೋಲ್ (ಆಳುಗಳ ಕೆಲಸ, ಕೂಲಿಯ ಪಟ್ಟಿ), ಗೊಬ್ಬರದ ಲೆಕ್ಕ, ವಾರದ ಬಟವಾಡೆ ಇವೇ ನನ್ನ ಹಗಲಿನ ಬರವಣಿಗೆ. ಇದರ ಜೊತೆ ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. 14ನೇ ಅಧ್ಯಾಯಕ್ಕೆ ಬಂದು ನಿಂತುಹೋಗಿದೆ.

ಶುರುವಾಗಿದ್ದು ಹೀಗೆ. ಕುಯ್ಲಿನ ಸಮಯದಲ್ಲಿ ಸಂಜೆ ಹೆಂಗಸರು ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ಮೇಸ್ತ್ರಿ ತೂಕ ಕೂಗುತ್ತಾರೆ, ನಾನು ಹೆಸರಿನ ಮುಂದೆ ಕೆಜಿ ಬರೆಯುತ್ತೇನೆ. ಅವರಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದರು. ತೂಕ ಆದಮೇಲೆ ಹಣ್ಣು ಸುರಿದು, ಚೀಲವನ್ನು ಒಳಹೊರಗು ಮಾಡಿ ಎರಡು ಸಲ ಕೊಡವುತ್ತಿದ್ದರು. ಹೊಲಿಗೆಯಲ್ಲಿ ಸಿಕ್ಕಿಕೊಂಡ ಒಂದೆರಡು ಹಣ್ಣನ್ನು ಉಗುರಿನಲ್ಲಿ ಬಿಡಿಸಿ ರಾಶಿಗೆ ಹಾಕುತ್ತಿದ್ದರು. ಅದರ ತೂಕ ಆಗಲೇ ಸೇರಿಹೋಗಿದೆ, ಅವರಿಗೆ ಅದರಿಂದ ಒಂದು ಪೈಸೆ ಜಾಸ್ತಿ ಬರುವುದಿಲ್ಲ. ಒಂದು ದಿನ ಯಾಕಮ್ಮ ಅಂತ ಕೇಳಿದೆ. 'ಚೀಲದಲ್ಲಿ ಉಳಿದ್ರೆ ಕೊಳೆಯುತ್ತಲ್ಲ ರೈಟ್ರೇ' ಅಂದರು. ಅವತ್ತು ರಾತ್ರಿಯೇ ಹಳೇ ಚೆಕ್‌ರೋಲ್ ಹಾಳೆಯ ಬೆನ್ನಿಗೆ ಮೊದಲ ಪುಟ ಬರೆದೆ. ಈಗ 212 ಪುಟ ಆಗಿದೆ. ಕಾದಂಬರಿಯ ನಾಯಕಿ ಆ ಅಮ್ಮನ ಹಾಗೇ ಇದ್ದಾಳೆ.

ಬೆಳಿಗ್ಗೆ ನಾಲ್ಕೂಕಾಲಿಗೆ ಏಳುತ್ತೇನೆ. ಆರೂವರೆಗೆ ತೋಟದಲ್ಲಿರಬೇಕು. ಹೆಂಡತಿ ರಾತ್ರಿಯೇ ಫ್ಲಾಸ್ಕಿಗೆ ಕಾಫಿ ಹಾಕಿಟ್ಟಿರುತ್ತಾಳೆ, ಕರೆಂಟು ಹೋದರೆ ಅಂತ ಟಾರ್ಚು ಪಕ್ಕದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಕಾಗದ ತೇವವಾಗಿ ಪೆನ್ನು ಹಿಡಿಯುವುದಿಲ್ಲ, ಅಕ್ಷರ ಬಿಟ್ಟುಬಿಟ್ಟು ಬೀಳುತ್ತವೆ. ಅದಕ್ಕೆ ಹಾಳೆಗಳನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಬರೆದದ್ದಕ್ಕೆಲ್ಲ ಹೊಗೆ ವಾಸನೆ ಹತ್ತಿದೆ, ನನಗೆ ಅದು ಇಷ್ಟ.

ಮೊದಲ ಮೂರು ಅಧ್ಯಾಯ ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿ 11 ತಿಂಗಳಾಯಿತು. ತಲುಪಿದೆ ಅಂತಲೂ ಹೇಳಲಿಲ್ಲ. ಅದಕ್ಕೆ ಬೇಜಾರಿದೆ, ಆದರೆ ಬರವಣಿಗೆ ನಿಂತದ್ದು ಅದರಿಂದಲ್ಲ ಅಂದುಕೊಂಡಿದ್ದೇನೆ. 40 ದಿನದಿಂದ ಏಳುತ್ತೇನೆ, ಕೂರುತ್ತೇನೆ, ಒಂದು ಸಾಲೂ ಬರುವುದಿಲ್ಲ. 14ನೇ ಅಧ್ಯಾಯದಲ್ಲಿ ಅವಳು ತನ್ನ ಊರು ನೆನಪು ಮಾಡಿಕೊಳ್ಳಬೇಕು. ಆ ಅಮ್ಮನ ಊರು ಗೊರೂರು ಡ್ಯಾಮಿನ ನೀರಲ್ಲಿ ಮುಳುಗಿತ್ತು. ನನಗೆ ಗೊತ್ತಿರುವುದು ಅಷ್ಟೇ. ಕೇಳೋಣ ಅಂದರೆ ಹೋದ ವರ್ಷ ಅವರು ತೀರಿಕೊಂಡರು.

ಯಾರೂ ಕಾಯುತ್ತಿಲ್ಲ ಅಂತ ಗೊತ್ತಿದ್ದೂ ದಿನಾ ಬರೆಯುವವರು ಇಲ್ಲಿ ಇದ್ದೀರಿ ಅಲ್ವಾ? ನಿಮ್ಮನ್ನು ಯಾವುದು ಕೂರಿಸುತ್ತದೆ?

ಅವರೆಕಾಯಿ ಸೀಸನ್ (ಹಾಸನ)

ರೈಟ್ರೇ, ಆ ಚೀಲ ಕೊಡವುವುದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒಬ್ಬರಂತೂ ಕಾಯುತ್ತಿದ್ದೇವೆ, ಬರೆದುಕೊಳ್ಳಿ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಕಾದಂಬರಿ ಎರಡನೇ ಸಲ ತಿದ್ದುತ್ತಿದ್ದೇನೆ. ನನ್ನನ್ನು ಕೂರಿಸುವುದು ನಮ್ಮತ್ತೆ. ಅವರಿಗೆ ಓದಲು ಬರುವುದಿಲ್ಲ. ಪ್ರತಿ ಭಾನುವಾರ ವಾರದಲ್ಲಿ ಬರೆದದ್ದನ್ನು ಅವರಿಗೆ ಓದಿ ಹೇಳುತ್ತೇನೆ. ಚಳಿಗಾಲದಲ್ಲಿ ಅವರ ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ ಇರುತ್ತದೆ. ಹಿತುಕುತ್ತಾ ಕೇಳುತ್ತಾರೆ. ಕೈ ಒಂದೇ ಸಮ ಆಡುತ್ತಿದ್ದರೆ ಆ ಪುಟದಲ್ಲಿ ಏನೂ ಇಲ್ಲ ಅಂತ ಅರ್ಥ. ಕಾಳು ಬೆರಳ ನಡುವೆಯೇ ನಿಂತರೆ ಆ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತೇನೆ. ಹೋದ ಜನವರಿಯಲ್ಲಿ ಒಂದು ಇಡೀ ಅಧ್ಯಾಯಕ್ಕೆ ಒಂದೇ ಒಂದು ಗೆರೆ ಬಿತ್ತು. ಆ ಗೆರೆ ಇದ್ದ ಸಾಲಿನಿಂದ ಅಧ್ಯಾಯವನ್ನೇ ಹೊಸದಾಗಿ ಬರೆದೆ. ಭಾನುವಾರ ಬರುತ್ತದೆ, ಅತ್ತೆ ಕೇಳುತ್ತಾರೆ, ಹಾಗಾಗಿ ಬುಧವಾರ ನಾನು ಬರೆದಿರಲೇಬೇಕು. ನೀವೂ ಮನೆಯವರಿಗೆ ಓದಿ ಹೇಳಿ. ಫ್ಲಾಸ್ಕಿಗೆ ಕಾಫಿ ಹಾಕಿಡುವವರು ಕಾಯುತ್ತಿಲ್ಲ ಅಂತ ಹೇಗೆ ಹೇಳ್ತೀರಿ?

ಇನ್ನೊಂದು ಮಾತು. 2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆ ಪುಸ್ತಕದಲ್ಲಿ ಇರುವುದು 12 ಕಥೆ, 1990ರಿಂದ 2023ರವರೆಗೆ ಬರೆದವು. ವಕೀಲಿಕೆ ಮಾಡಿಕೊಂಡೇ ಬರೆದವರು ಅವರು. ನಿಮ್ಮದು ಇನ್ನೂ ಮೂರು ವರ್ಷ.

ಡಿಟಿಪಿ ಅಣ್ಣ (ಚಿಕ್ಕಮಗಳೂರು)

ಮೊದಲು ಒಂದು ಕೆಲಸ ಮಾಡಿ ತಮ್ಮಾ. ಇವತ್ತೇ ಆ 212 ಪುಟಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರಿಗೆ ಕಳಿಸಿಡಿ. ಒಲೆಯ ಮೇಲಿನ ಅಟ್ಟ ಅಂತ ಓದಿ ನನಗೆ ಎದೆ ಝಲ್ ಅಂದಿತು. ಒಂದು ಕಿಡಿ ಸಾಕು. ಗೆದ್ದಲು, ಇಲಿ ಬೇರೆ.

20 ವರ್ಷದಿಂದ ಕನ್ನಡ ಪುಸ್ತಕಗಳ ಪುಟ ಜೋಡಿಸುತ್ತಿದ್ದೇನೆ. ಕೈಬರಹ ನೋಡಿದರೆ ಪ್ರಕಾಶಕರು ಪಕ್ಕಕ್ಕೆ ಇಡುವುದೇ ಜಾಸ್ತಿ, ಟೈಪ್ ಮಾಡಿಸುವ ಖರ್ಚು ಅವರ ತಲೆಗೆ ಬರುತ್ತದೆ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಓದಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ. ತಪ್ಪು ಬರುತ್ತವೆ, ಒತ್ತಕ್ಷರ ಕೂತು ತಿದ್ದಬೇಕು. ದಿನಕ್ಕೆ ನಾಲ್ಕು ಪುಟ ಓದಿದರೂ ಎರಡು ತಿಂಗಳಲ್ಲಿ ಮುಗಿಯುತ್ತದೆ. ಯೂನಿಕೋಡಿನಲ್ಲೇ, ಅಂದರೆ ಫೋನಿನಲ್ಲಿ ಬರುವ ಅಕ್ಷರದಲ್ಲೇ ಇಟ್ಟುಕೊಳ್ಳಿ, ಪ್ರೆಸ್ಸಿನವರು ಬೇಕಾದ ಅಕ್ಷರಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಮುಗಿದ ಮೇಲೆ ಕನ್ನಡ ಪುಸ್ತಕ ಪ್ರಾಧಿಕಾರದವರು ಚೊಚ್ಚಲ ಕೃತಿಗೆ ಅರ್ಜಿ ಕರೆದಾಗ ಹಾಕಿ.

ಬರೆಯುವುದು ಹೇಗೆ ಅಂತ ನಾನು ಹೇಳಲಾರೆ. ಬರೆದದ್ದು ಕಳೆದುಹೋಗದ ಹಾಗೆ ನೋಡಿಕೊಳ್ಳುವುದು ಮಾತ್ರ ನನಗೆ ಗೊತ್ತು.

ಎಚ್‌ಆರ್‌ಪಿ ಮೊಮ್ಮಗ (ಆಲೂರು)

ಅಣ್ಣಾ, ನಿಮ್ಮ 14ನೇ ಅಧ್ಯಾಯ ನಮ್ಮ ಮನೆಯಲ್ಲಿದೆ.

ನಮ್ಮದೂ ಅದೇ ಗೊರೂರು ಡ್ಯಾಮಿನಿಂದ ಹೇಮಾವತಿಯಲ್ಲಿ ಮುಳುಗಿದ ಊರು. ಎಚ್‌ಆರ್‌ಪಿ ಅಂದರೆ ಹೇಮಾವತಿ ಜಲಾಶಯ ಯೋಜನೆ. ಡ್ಯಾಮು ಮುಗಿದದ್ದು 1979ರಲ್ಲಿ, ನಾನು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಆ ಮನೆಯ ಒಂದೊಂದು ಮೂಲೆಯೂ ನನಗೆ ಗೊತ್ತು, ಅಜ್ಜಿ ಅಷ್ಟು ಹೇಳಿದ್ದಾರೆ. ಊರು ಬಿಡುವಾಗ ಹೆಂಚು ಇಳಿಸಿದರು, ಬಾಗಿಲು ಕಿಟಕಿ ದಾರಂದ ಸಮೇತ ಕಿತ್ತರು, ತೊಲೆ ಬಿಚ್ಚಿದರು. ಎಲ್ಲ ಗಾಡಿಗೆ ಹೇರಿದರು. ಒರಳು ಮಾತ್ರ ತರಲಾಗಲಿಲ್ಲ. ಅದು ಅಡುಗೆಮನೆ ನೆಲದಲ್ಲಿ ಹೂತಿತ್ತು. ಅಜ್ಜ ಎರಡು ದಿನ ಹಾರೆ ಹಾಕಿ ಬಿಟ್ಟರಂತೆ. ಆಮೇಲೆ ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಅಜ್ಜಿ ನಡೆದು ಹೋಗಿ ನೋಡಿ ಬರುತ್ತಿದ್ದರು. ಒರಳಿನ ತುಂಬ ಕೆಸರು ಕೂತಿರುತ್ತಿತ್ತು. ಕೈಯಲ್ಲೇ ಬಳಿದು ತೆಗೆದು, ನೀರು ಹುಯ್ದು ತೊಳೆದು ಬರುತ್ತಿದ್ದರು. ಮತ್ತೆ ಮುಳುಗುತ್ತದೆ ಅಂತ ಗೊತ್ತಿದ್ದೂ.

ಆ ಕಡೆ ಅಂದರೆ ಎಲ್ಲರೂ ಅದೇ ನೀರಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಹಾಳು ಚರ್ಚಿನ ಬಗ್ಗೆಯೇ ಬರೆಯುತ್ತಾರೆ, ಫೋಟೋ ಹಾಕುತ್ತಾರೆ. ನೀವು ಅದನ್ನು ಬರೆಯಬೇಡಿ ಅಂತ ನನ್ನ ಕೋರಿಕೆ. ಮುಳುಗಿದ್ದು ಮನೆಗಳು. ಮೇ ತಿಂಗಳಲ್ಲಿ ಬನ್ನಿ, ನೀರು ಇಳಿದಿದ್ದರೆ ಪಾಯದ ಕಲ್ಲು ತೋರಿಸುತ್ತೇನೆ. ಯಾವುದು ಪಡಸಾಲೆ, ಯಾವುದು ಕೊಟ್ಟಿಗೆ ಅಂತ ಅಪ್ಪ ಹೇಳುತ್ತಾರೆ. ಅಜ್ಜಿ ಈಗಿಲ್ಲ.

ತೋಟದ ರೈಟ್ರು (ಸಕಲೇಶಪುರ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಡಿಟಿಪಿ ಅಣ್ಣ, ನಿನ್ನೆ ರಾತ್ರಿ ಕೂತು ಅಷ್ಟೂ ಫೋಟೋ ತೆಗೆದೆವು. ಹೆಂಡತಿ ಹಾಳೆ ತಿರುಗಿಸಿದಳು, ನಾನು ತೆಗೆದೆ. ನಡುವೆ ಅವಳು ಓದಲು ಶುರು ಮಾಡಿಬಿಟ್ಟಳು, ಮುಗಿದಾಗ ಹನ್ನೊಂದೂವರೆ. ಅಕ್ಕಾ, ಈ ಭಾನುವಾರದಿಂದ ನಾನೂ ಓದಿ ಹೇಳುತ್ತೇನೆ.

ಆಲೂರಿನ ತಮ್ಮಾ, ಮೇ ಮೊದಲ ಭಾನುವಾರ ಬರುತ್ತೇನೆ. ಈಗ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ ಕಾಯುತ್ತಿದ್ದೇವೆ, ಅಲ್ಲಿಯವರೆಗೆ ತೋಟ ಬಿಡಲು ಆಗುವುದಿಲ್ಲ. ಇವತ್ತು ಬೆಳಿಗ್ಗೆ ಕೂತಾಗ ಒಂದು ಪ್ರಶ್ನೆ ಬಂತು, 40 ದಿನದಲ್ಲಿ ಮೊದಲ ಸಲ. ಒರಳು ಅಲ್ಲೇ ಉಳಿಯಿತು ಸರಿ, ಅದರ ಗುಂಡುಕಲ್ಲು ಏನಾಯಿತು?

ಎಚ್‌ಆರ್‌ಪಿ ಮೊಮ್ಮಗ (ಆಲೂರು)

ಅಜ್ಜಿ ಅದನ್ನು ಗಾಡಿಯಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದರಂತೆ. ಈಗ ನಮ್ಮ ಹಿತ್ತಿಲ ಬಾಗಿಲು ಗಾಳಿಗೆ ಹಾಕಿಕೊಳ್ಳದ ಹಾಗೆ ಅಡ್ಡ ಇಟ್ಟಿದ್ದೇವೆ.