‘ಅಲೂಫ್’ ಎಂದರೆ ಹೊಗಳಿಕೆಯೋ, ದೂರೋ?

ದಾವಣಗೆರೆಯ ಲೆಕ್ಕಿಗ:

ಕಚೇರಿಯ ವಾರ್ಷಿಕ ಮೌಲ್ಯಮಾಪನ ಕೈಗೆ ಬಂದಿದೆ. ಜಿಎಸ್‌ಟಿ, ತಿಂಗಳ ಕೊನೆಯ ಲೆಕ್ಕದ ತಾಳೆ, ಬಾಕಿ ವಸೂಲಿ ಎಲ್ಲದಕ್ಕೂ ಒಳ್ಳೆಯ ಅಂಕ. ಕೊನೆಯಲ್ಲಿ ಮ್ಯಾಂಚೆಸ್ಟರಿನಲ್ಲಿರುವ ಮೇಲಧಿಕಾರಿ ಒಂದೇ ಒಂದು ಸಾಲು ಸೇರಿಸಿದ್ದಾರೆ: ತಂಡದವರ ಕಣ್ಣಿಗೆ ನಾನು ‘ಅಲೂಫ್’ ಆಗಿ ಕಾಣುತ್ತೇನಂತೆ. ಮೊಬೈಲಿನ ನಿಘಂಟಿನಲ್ಲಿ ನೋಡಿದರೆ ‘ನಿರ್ಲಿಪ್ತ’ ಎಂದಿತು. ಪರವಾಗಿಲ್ಲ, ಬಿಳಿಯರಿಗೂ ನನ್ನ ಬೆಲೆ ತಿಳಿಯಿತು ಎಂದುಕೊಂಡೆ. ಪಕ್ಕದ ಮೇಜಿನ ಸಹೋದ್ಯೋಗಿಗೆ ತೋರಿಸಿದರೆ ಆಕೆ ನಕ್ಕು, ‘ನಿಮಗೆ ಜಂಬ ಎಂದು ಬರೆದಿದ್ದಾರೆ’ ಎಂದರು.

ನಾನು ಮಾಡುವುದಾದರೂ ಏನು? ಸೋಮವಾರದ ವಿಡಿಯೊ ಸಭೆ ಶುರುವಾಗುವ ಮುನ್ನ ಅವರೆಲ್ಲ ಫುಟ್‌ಬಾಲ್, ಮಳೆ, ನಾಯಿಮರಿ ಎಂದು ಹರಟುತ್ತಾರೆ. ಆಗ ನಾನು ಮೈಕ್ ಬಂದ್ ಮಾಡಿ ಎಕ್ಸೆಲ್ ಹಾಳೆ ತಿದ್ದುತ್ತಿರುತ್ತೇನೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕೇಳದಿದ್ದರೆ ಸುಮ್ಮನಿರುತ್ತೇನೆ. ನಮ್ಮ ಕಡೆ ಇಂಥವನನ್ನು ‘ತಾನಾಯಿತು, ತನ್ನ ಕೆಲಸವಾಯಿತು’ ಎಂದು ಮೆಚ್ಚುತ್ತಾರೆ. ನನ್ನ ಮದುವೆಯ ಮಾತುಕತೆಯಲ್ಲಿ ಅಮ್ಮ ಮುಂದಿಟ್ಟ ದೊಡ್ಡ ಅರ್ಹತೆಯೇ ಅದು: ‘ನಮ್ಮ ಹುಡುಗ ಯಾರ ಗೊಡವೆಗೂ ಹೋಗುವವನಲ್ಲ.’

ಈ ಪದದ ತೂಕ ಎಷ್ಟು, ತಿಳಿದವರು ಹೇಳಿ. ಶುಕ್ರವಾರದೊಳಗೆ ನಾನು ಪ್ರತಿಕ್ರಿಯೆ ಬರೆಯಬೇಕು.

ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಮೇಷ್ಟ್ರು:

ಲೆಕ್ಕಿಗರೇ, ನಿಮ್ಮ ನಿಘಂಟನ್ನು ಮೊದಲು ಪಕ್ಕಕ್ಕಿಡಿ. ನಮ್ಮ ನಿಘಂಟುಕಾರರಿಗೆ ಸಂಸ್ಕೃತದ ಒಂದು ಗಂಭೀರ ಪದ ಸಿಕ್ಕಿಬಿಟ್ಟರೆ ಕೆಲಸ ಮುಗಿದಂತೆ. ನಿರ್ಲಿಪ್ತ ಎಂದರೆ ಲೇಪವಿಲ್ಲದವನು, ಯಾವುದೂ ಅಂಟದವನು. ಅಂಥವನು ಊರಿನವರೊಂದಿಗೆಲ್ಲ ಹರಟಿ, ಜಾತ್ರೆಯಲ್ಲಿ ತೇರು ಎಳೆದು, ಮನೆಗೆ ಬಂದು ನಿಶ್ಚಿಂತೆಯಿಂದ ಮಲಗಬಲ್ಲ. ಅದು ಮನಸ್ಸಿನ ಒಳಗಿನ ಸಂಗತಿ. ‘ಅಲೂಫ್’ಗೆ ನಿಮ್ಮ ಮನಸ್ಸಿನ ಒಳಗೇನಿದೆ ಎಂಬುದು ಬೇಕಾಗಿಲ್ಲ. ಎದುರಿಗಿರುವವರಿಗೆ ಹೊರಗಿನಿಂದ ಏನು ಕಾಣುತ್ತದೆ ಎಂಬುದಷ್ಟೇ ಅದರ ವಿಷಯ.

ಹಾಗಾಗಿ ನಿಮ್ಮ ಸಹೋದ್ಯೋಗಿ ಹೇಳಿದ್ದೂ ಅರ್ಧ ಮಾತ್ರ ಸರಿ. ಜಂಬದವನು ಇತರರನ್ನು ಕೀಳೆಂದು ಎಣಿಸುತ್ತಾನೆ. ಅಲೂಫ್ ಎನಿಸಿಕೊಂಡವನು ಏನೆಂದು ಎಣಿಸುತ್ತಾನೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ, ತಕರಾರು ಇರುವುದೇ ಅಲ್ಲಿ. ಸಂಕೋಚದವನನ್ನು ‘ಶೈ’ ಎನ್ನುತ್ತಾರೆ, ಅವನ ಮೇಲೆ ಕರುಣೆ ಇರುತ್ತದೆ. ಮಿತಭಾಷಿ ‘ರಿಸರ್ವ್ಡ್’, ಅವನಿಗೆ ಮರ್ಯಾದೆ ಇದೆ. ರೋಗಿಯ ಮುಂದೆ ಕಣ್ಣೀರಿಡದ ವೈದ್ಯನೂ ಕಟಕಟೆಯ ಕಥೆಗೆ ಕರಗದ ನ್ಯಾಯಾಧೀಶನೂ ‘ಡಿಟ್ಯಾಚ್ಡ್’. ಆ ಉದ್ಯೋಗಗಳಿಗೆ ಅದು ಬೇಕಾದ ಗುಣ. ಹತ್ತಿರ ಬರಬಹುದಾಗಿದ್ದೂ ಬೇಕೆಂದೇ ಬಾರದವನಂತೆ ತೋರಿದರೆ ಅಲೂಫ್. ಇಂಗ್ಲಿಷರು ಬೆಕ್ಕುಗಳನ್ನು ವರ್ಣಿಸುವಾಗ ಈ ಮಾತನ್ನು ಧಾರಾಳವಾಗಿ ಬಳಸುತ್ತಾರೆ.

ಇನ್ನೊಂದು ಬಳಕೆಯೂ ಇದೆ. ‘ಕೀಪ್’ ಅಥವಾ ‘ಸ್ಟ್ಯಾಂಡ್’ ಎಂಬ ಕ್ರಿಯಾಪದ ಮುಂದೆ ಬಂದು, ಹಿಂದೆ ‘ಫ್ರಮ್’ ಸೇರಿದರೆ ದೂರಿನ ಧ್ವನಿ ಬಹಳ ಮಟ್ಟಿಗೆ ಇಳಿಯುತ್ತದೆ. ಜಗಳದಿಂದ ದೂರ ನಿಂತ, ರಾಜಕೀಯದಿಂದ ಹೊರಗುಳಿದ ಎಂಬಷ್ಟೇ ಅರ್ಥ. ಕೆಲವೊಮ್ಮೆ ಮೆಚ್ಚುಗೆಯೂ ಹೌದು. ವ್ಯಕ್ತಿಗೇ ವಿಶೇಷಣವಾಗಿ ಅಂಟಿಸಿದರೆ ಮಾತ್ರ ಆಕ್ಷೇಪಣೆ. ನಿಮ್ಮದು ಈ ಎರಡನೆಯದು.

ವ್ಯಾಕರಣದ ಒಂದು ಕುತೂಹಲ, ಕೇಳದಿದ್ದರೂ ಹೇಳುತ್ತೇನೆ. ‘ಅಸ್ಲೀಪ್’, ‘ಅಫ್ರೇಡ್’ ಮುಂತಾದವು ಸಾಮಾನ್ಯವಾಗಿ ನಾಮಪದದ ಮುಂದೆ ನಿಲ್ಲುವುದಿಲ್ಲ. ‘ಅಸ್ಲೀಪ್ ಬಾಯ್’ ಎಂದು ಬರೆದ ಹುಡುಗರಿಗೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ‘ಅಲೂಫ್’ ಅದೇ ಆಕಾರದ್ದಾದರೂ ‘ಅಲೂಫ್ ಮ್ಯಾನ್’ ಎಂದರೆ ತಪ್ಪಿಲ್ಲ.

ರಾಟರ್‌ಡ್ಯಾಮ್ ಕನ್ನಡಿಗ:

ಮೇಷ್ಟ್ರೇ, ಬೆಕ್ಕಿಗಿಂತ ಮೊದಲು ಈ ಪದ ಹಡಗಿನದ್ದು. ಡಚ್ಚಿನಲ್ಲಿ ಗಾಳಿ ಬೀಸಿ ಬರುವ ಕಡೆಗೆ ಇಂದಿಗೂ ‘ಲೂಫ್’ ಎಂದೇ ಹೆಸರು. ಇಂಗ್ಲಿಷ್ ನಾವಿಕರು 16ನೆಯ ಶತಮಾನದಲ್ಲಿ ‘ಅ ಲೂಫ್’ ಎನ್ನುತ್ತಿದ್ದುದು ಚುಕ್ಕಾಣಿ ಹಿಡಿದವನಿಗೆ ಕೊಡುವ ಆಜ್ಞೆ: ಮೂತಿಯನ್ನು ಗಾಳಿಯತ್ತ ತಿರುಗಿಸು. ಗಾಳಿ ದಡದ ಕಡೆಗೆ ಬೀಸುತ್ತಿದ್ದರೆ ಹಾಯಿಹಡಗನ್ನು ಬಂಡೆಗೆ ಒಯ್ದು ಅಪ್ಪಳಿಸುತ್ತದೆ. ಗಾಳಿಗೆ ಮುಖ ಕೊಟ್ಟು ಸಾಗಿದರೆ ಮಾತ್ರ ದಡದಿಂದ ದೂರ ಉಳಿಯಬಹುದು. ಆ ‘ದೂರ’ವೇ ಮುಂದೆ ಮನುಷ್ಯರ ಸ್ವಭಾವಕ್ಕೆ ಬಂದದ್ದು.

ಇಲ್ಲಿ ಹಾಯಿದೋಣಿ ಕಲಿಯುವಾಗ ನಮ್ಮ ತರಬೇತುದಾರ ‘ಆಪ್‌ಲೂವನ್’ ಎಂದು ಕೂಗಿದರೆ ಹಗ್ಗ ಜಗ್ಗಿ ಮೂತಿಯನ್ನು ಗಾಳಿಯತ್ತ ತಿರುಗಿಸಬೇಕು. ಹಾಯಿ ಪಟಪಟ ಬಡಿಯುತ್ತದೆ, ಮುಖಕ್ಕೆ ನೀರು ಎರಚುತ್ತದೆ. ಇದು ಸುಮ್ಮನೆ ಕೈಕಟ್ಟಿ ಕುಳಿತು ಆಗುವ ಕೆಲಸವಲ್ಲ. ಲೆಕ್ಕಿಗರು ಮೈಕ್ ಬಂದ್ ಮಾಡುವುದಕ್ಕೂ ಇಷ್ಟು ಶ್ರಮ ಬೇಕೇ ಎಂಬುದನ್ನು ಅವರೇ ಹೇಳಬೇಕು.

ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಮೇಷ್ಟ್ರು:

ಇದು ಬಹಳ ಚೆನ್ನಾಗಿದೆ. ನಮ್ಮ ‘ತಟಸ್ಥ’ ದಡದ ಮೇಲೆ ನಿಂತವನು, ತಟವೆಂದರೆ ದಡವೇ ತಾನೆ. ಇಂಗ್ಲಿಷಿನವನು ದಡವನ್ನು ಬಿಟ್ಟು ಓಡುತ್ತಿರುವವನು. ಅಲೂಫ್‌ಗೆ ತಟಸ್ಥ ಎಂದು ಬರೆಯುವವರಿಗೆ ಇದನ್ನೊಮ್ಮೆ ತೋರಿಸಬೇಕು. ಎರಡು ಬಣಗಳಿದ್ದಾಗ ಮಾತ್ರ ತಟಸ್ಥನಿಗೆ ಕೆಲಸ. ಅಲೂಫ್ ಆಗಲು ಬಣವೇ ಬೇಕಿಲ್ಲ.

ಧಾರವಾಡದ ಅನುವಾದಕಿ:

ಅರ್ಥ ಬಿಡಿಸಿದ್ದಾಯಿತು, ಕನ್ನಡದಲ್ಲಿ ಏನು ಬರೆಯಬೇಕೆಂದು ಇಬ್ಬರೂ ಹೇಳಲಿಲ್ಲವಲ್ಲ! ನಾನು ಕಥೆಗಳನ್ನು ಅನುವಾದಿಸುವಾಗ ಒಂದೇ ಪದಕ್ಕೆ ಜೋತುಬೀಳುವುದಿಲ್ಲ. ಮನೆಯವರ ನಡುವೆ ಇದ್ದೂ ಇಲ್ಲದಂತಿರುವ ತಂದೆಯಾದರೆ ‘ಯಾರನ್ನೂ ಅಷ್ಟಾಗಿ ಹಚ್ಚಿಕೊಳ್ಳುವವರಲ್ಲ’ ಎನ್ನುತ್ತೇನೆ. ಪ್ರೀತಿ ಇಲ್ಲವೆಂದೂ ಅದು ಹೇಳುವುದಿಲ್ಲ, ಇದೆಯೆಂದೂ ಹೇಳುವುದಿಲ್ಲ. ಹೊಸದಾಗಿ ಬಂದ ಸೊಸೆಯನ್ನು ಅತ್ತೆ ನೋಡುವ ನೋಟವಾದರೆ ‘ಬಿಗುಮಾನ’ ಸಾಕು. ಅದರಲ್ಲಿ ಸ್ವಲ್ಪ ಹುಳಿಯಿದೆ, ಅಲ್ಲಿ ಆ ಹುಳಿ ಬೇಕು. ಕಚೇರಿಯವರಿಗೆ ‘ಯಾರೊಂದಿಗೂ ಬೆರೆಯುವುದಿಲ್ಲ’. ‘ಉದಾಸೀನ’ವನ್ನಂತೂ ನಾನು ಮುಟ್ಟುವುದಿಲ್ಲ. ಗೀತೆಯ 12ನೆಯ ಅಧ್ಯಾಯದಲ್ಲಿ ಅದು ಭಕ್ತನ ಲಕ್ಷಣ. ಇಂದು ‘ಉದಾಸೀನ ಮಾಡಿದರು’ ಎಂದರೆ ಔಷಧಿ ಕೊಡಿಸದೆ ಬಿಟ್ಟರು ಎಂದು ಅರ್ಥ.

ಜಗಳವಾಡಿ ದೂರವಾದ ಅಣ್ಣತಮ್ಮಂದಿರಿಗೆ ಅಲೂಫ್ ಎನ್ನುವುದೂ ಸಲ್ಲದು. ಅವರು ‘ಎಸ್ಟ್ರೇಂಜ್ಡ್’. ಅಲ್ಲಿ ಮುರಿಯಲು ಒಂದು ನಂಟು ಮೊದಲೇ ಇತ್ತು.

ಲೆಕ್ಕಿಗರಿಗೆ ಒಂದು ಮಾತು. ಅಮ್ಮನ ‘ಯಾರ ಗೊಡವೆಗೂ ಹೋಗುವವನಲ್ಲ’ ಎಂಬ ಪ್ರಶಸ್ತಿಪತ್ರ ಗಂಡುಮಕ್ಕಳಿಗೆ ಸುಲಭವಾಗಿ ಸಿಗುತ್ತದೆ. ಅದೇ ಗುಣ ಮಗಳಲ್ಲಿದ್ದರೆ ನಮ್ಮ ಓಣಿಯಲ್ಲಿ ‘ಬಂದವರನ್ನು ಮಾತಾಡಿಸುವುದಿಲ್ಲ, ಭಾರಿ ಸೊಕ್ಕು’ ಎನ್ನುತ್ತಾರೆ. ಮ್ಯಾಂಚೆಸ್ಟರಿನವರು ನಿಮಗೆ ಅದಕ್ಕಿಂತ ಮೃದುವಾದ ಪದವನ್ನೇ ಆರಿಸಿದ್ದಾರೆ.

ದಾವಣಗೆರೆಯ ಲೆಕ್ಕಿಗ:

ಎಲ್ಲರಿಗೂ ಧನ್ಯವಾದ. ಸೊಕ್ಕಿನ ಮಾತನ್ನು ನನ್ನ ತಂಗಿಗೆ ಓದಿ ಹೇಳಿದೆ, ಆಕೆ ಅನುವಾದಕಿಯವರ ಪಕ್ಷ ಸೇರಿದ್ದಾಳೆ. ಈಗ ಉತ್ತರದಲ್ಲಿ ‘ನಾನು ಅಲೂಫ್ ಅಲ್ಲ’ ಎಂದು ಬರೆಯಲೇ?

ಶಿವಮೊಗ್ಗದ ನಿವೃತ್ತ ಇಂಗ್ಲಿಷ್ ಮೇಷ್ಟ್ರು:

ಬೇಡ. ಅವರು ‘ಕಾಣುತ್ತೀರಿ’ ಎಂದಿದ್ದಾರೆ, ‘ಆಗಿದ್ದೀರಿ’ ಎಂದಿಲ್ಲ. ಅವರಿಗೆ ಕಂಡದ್ದನ್ನು ನೀವು ಇಲ್ಲವೆನ್ನಲಾರಿರಿ. ಸಭೆಯ ಮುಂಚಿನ ಹೊತ್ತಿನಲ್ಲಿ ಲೆಕ್ಕ ಸಿದ್ಧಮಾಡಿಕೊಳ್ಳುವ ಅಭ್ಯಾಸವಿದೆ, ಆದ್ದರಿಂದ ಮೈಕ್ ಬಂದ್ ಇರುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಸಾಕು. ಕರಡನ್ನು ಇಲ್ಲಿ ಹಾಕಿದರೆ ತಿದ್ದಿಕೊಡುತ್ತೇನೆ, ಕೆಂಪು ಪೆನ್ನು ಇನ್ನೂ ಇಟ್ಟುಕೊಂಡಿದ್ದೇನೆ.