ಹಳೆ ಕಾರಿನ ಮೀಟರ್ ಲೈಟ್ ಡಿಮ್: ಹೊಸ ಬಲ್ಬ್ ಹಾಕಿದರೂ ಸರಿಹೋಗಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನದು 1996ರ ಪೆಟ್ರೋಲ್ ಕಾರು, ಕಾರ್ಬುರೇಟರ್ ಕಾಲದ್ದು. ರಾತ್ರಿ ಮೀಟರ್ ಬೋರ್ಡಿನ ಲೈಟ್ ತೀರಾ ಡಿಮ್. ಆಗುಂಬೆ ಕಡೆ ಮಂಜು ಬಿದ್ದಾಗ ಎಷ್ಟು ಸ್ಪೀಡಲ್ಲಿದ್ದೇನೆ ಅಂತಲೇ ಕಾಣುವುದಿಲ್ಲ. ಹೊಸ ಬಲ್ಬ್ ಹಾಕಿಸಿದೆ, ಏನೂ ಫರಕಾಗಲಿಲ್ಲ. ಇಂಡಿಕೇಟರ್ ಹಾಕಿದರೆ ಅದರ ಜೊತೆಗೇ ಮೀಟರ್ ಲೈಟೂ ಮಿಣುಕುತ್ತದೆ. ಲೈಟ್ ಹಾಕಿದಾಗ ಪೆಟ್ರೋಲ್ ಮುಳ್ಳು ಕೂಡ ಸ್ವಲ್ಪ ಜರುಗುತ್ತದೆ. ಎಲ್‌ಇಡಿ ಹಾಕಿಸಿಬಿಡಿ ಅಂತಾರೆ ಅಂಗಡಿಯವರು. ಹಾಕಿಸಲಾ?

ಉತ್ತರ:
ಸದ್ಯಕ್ಕೆ ಬೇಡ ಸರ್. ಇಂಡಿಕೇಟರ್ ಬಾಣ, ಪೆಟ್ರೋಲ್ ಮುಳ್ಳು, ಮೀಟರ್ ಲೈಟ್, ಇವೆಲ್ಲ ಸಾಮಾನ್ಯವಾಗಿ ಕ್ಲಸ್ಟರ್ (ಅಂದರೆ ಮೀಟರ್ ಬೋರ್ಡ್) ಹಿಂದೆ ಒಂದೇ ಅರ್ತ್ ವೈರಿಗೆ, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ವೈರಿಗೆ, ಸೇರುತ್ತವೆ. ಒಂದು ಹೊತ್ತಿದಾಗ ಇನ್ನೊಂದು ಅಲುಗಾಡಿದರೆ ಮೊದಲ ಅನುಮಾನ ಆ ಅರ್ತ್ ಮೇಲೆ. ನಿಮ್ಮ ಕಡೆಯ ಮಳೆಗೆ, ತೇವಕ್ಕೆ, ಆ ವೈರನ್ನು ಕಾರಿನ ಬಾಡಿಯ ಮೇಲೆ ಬಿಗಿದ ಸ್ಕ್ರೂ ಸುತ್ತ ತುಕ್ಕು ಹಿಡಿಯುವುದು ಮಾಮೂಲಿ.

ಸುಮ್ನೆ ಅಂದಾಜಿನಲ್ಲಿ ಬಿಚ್ಚಬೇಡಿ, ಅಳೆದು ನೋಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಪಾರ್ಕ್ ಲೈಟ್ ಆನ್, ಮೀಟರ್ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ನಾಬ್ ಇದ್ದರೆ ಫುಲ್. ಕಪ್ಪು ಪಿನ್‌ಗೆ ಉದ್ದ ವೈರ್ ಕಟ್ಟಿ ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. ಕೆಂಪು ಪಿನ್ ಮೊದಲು ಬಲ್ಬ್ ಹೋಲ್ಡರಿನ ಪ್ಲಸ್ ಕಾಲಿಗೆ, ಆಮೇಲೆ ಮೈನಸ್ ಕಾಲಿಗೆ. ಬಲ್ಬ್‌ಗಳು ಹೊತ್ತಿರುವಾಗಲೇ ಅಳೆಯಬೇಕು, ಇದು ಬಹಳ ಮುಖ್ಯ. ಬಲ್ಬ್‌ಗಳನ್ನು ತೆಗೆದು ಅಳೆದರೆ ಕರೆಂಟೇ ಹರಿಯುವುದಿಲ್ಲ. ಆಗ ತುಕ್ಕು ಹಿಡಿದ ಜಾಯಿಂಟಿನಲ್ಲೂ ವೋಲ್ಟೇಜ್ ಬೀಳುವುದಿಲ್ಲ, ಎಲ್ಲ ಸರಿಯಿದ್ದ ಹಾಗೆ ಕಾಣುತ್ತದೆ. ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಮೈನಸ್ ಕಾಲಿನಲ್ಲಿ 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಪ್ಲಸ್ ಕಾಲಿನಲ್ಲೇ ಕಡಿಮೆ ಬಂದರೆ ಡಿಮ್ಮರ್, ಸ್ವಿಚ್, ಫ್ಯೂಸ್ ಕಡೆ ನೋಡೋಣ.

ಪ್ರಶ್ನೆ ಕೇಳಿದವರು:
ಅಳೆದೆ ಸರ್. ಬ್ಯಾಟರಿ 12.4, ಪ್ಲಸ್ ಕಾಲು 12.1, ಮೈನಸ್ ಕಾಲು 1.9.

ಉತ್ತರ:
ಸಿಕ್ಕಿತಲ್ಲ! ಪ್ಲಸ್ ಕಡೆ ಚೆನ್ನಾಗಿದೆ, ಡಿಮ್ಮರ್ ತಂಟೆಗೆ ಹೋಗಬೇಡಿ. ಬಲ್ಬಿಗೆ ಸಿಗುತ್ತಿರುವುದು ಬರೀ 10.2 ವೋಲ್ಟ್. ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು ಸುಮಾರು ನೂರಕ್ಕೆ 30 ಇಳಿಯುತ್ತದೆ. ಆ ಲೆಕ್ಕದಲ್ಲಿ ನಿಮಗೆ ಹತ್ತಿರ ಹತ್ತಿರ ಅರ್ಧ ಬೆಳಕೇ ಹೋಗಿದೆ. ಹೊಸ ಬಲ್ಬ್ ಏನು ಮಾಡೀತು ಹೇಳಿ.

ಬ್ಯಾಟರಿಯ ಮೈನಸ್ ಕಳಚಿ. ಕ್ಲಸ್ಟರಿನ ಅರ್ತ್ ವೈರ್ ಹಿಡಿದುಕೊಂಡು ಅದು ಬಾಡಿಗೆ ಸೇರುವ ಸ್ಕ್ರೂ ತನಕ ಹೋಗಿ. ವೈರಿನ ತುದಿಯ ಥಿಂಬಲ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ಬಳೆ), ಅದು ಕೂರುವ ಜಾಗ ಎರಡನ್ನೂ ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಿ. ಪೇಂಟ್ ಕೂಡ ಉಳಿಯಬಾರದು. ಬಿಗಿ ಮಾಡಿ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ, ತೇವ ಒಳಗೆ ಹೋಗುವುದಿಲ್ಲ. ಆ ಸ್ಕ್ರೂಗೆ ಕೈಯೇ ಹೋಗದಿದ್ದರೆ ಕ್ಲಸ್ಟರಿನ ಅರ್ತ್‌ನಿಂದ ಬಾಡಿಗೆ ಬೇರೆ ವೈರ್ ಎಳೆದರೂ ಆಯಿತು.

ಪ್ರಶ್ನೆ ಕೇಳಿದವರು:
ಮಾಡಿದೆ ಸರ್, ತುಂಬಾ ಥ್ಯಾಂಕ್ಸ್! ಈಗ ಮೈನಸ್ ಕಾಲಿನಲ್ಲಿ 0.06. ಲೈಟ್ ಚೆನ್ನಾಗಿ ಬರ್ತಿದೆ, ಮುಳ್ಳೂ ಜರುಗುತ್ತಿಲ್ಲ. ಎಡ ಮೂಲೆಯ ಒಂದು ಬಲ್ಬ್ ಮಾತ್ರ ಗುಂಡಿಯಲ್ಲಿ ಇಳಿದಾಗ ಆರಿ ಹೋಗುತ್ತದೆ. ಇನ್ನು ಎಲ್‌ಇಡಿ ಹಾಕಬಹುದಾ?

ಉತ್ತರ:
ಮೂಲೆಯದ್ದು ಹೋಲ್ಡರ್ ಸಡಿಲ ಇರಬೇಕು. ತಿರುಗಿಸಿ ತೆಗೆದು, ಅದರ ತಾಮ್ರದ ಕಾಲುಗಳನ್ನು ಒಂಚೂರು ಹೊರಕ್ಕೆ ಎತ್ತಿ. ಕ್ಲಸ್ಟರ್ ಹಿಂಬದಿಯಲ್ಲಿ ಅದು ಒತ್ತಿ ಕೂರುವ, ಕರೆಂಟ್ ಹರಿಯುವ ತೆಳು ತಾಮ್ರದ ಗೆರೆಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಇಲ್ಲಿ ಎಮರಿ ಪೇಪರ್ ಬೇಡವೇ ಬೇಡ, ಗೆರೆ ಕಿತ್ತುಬರುತ್ತದೆ.

ಎಲ್‌ಇಡಿ ಬೇಕಿದ್ದರೆ ಮೀಟರ್ ಬೆಳಕಿಗೆ ಮಾತ್ರ ಹಾಕಿ. ಹೊತ್ತದಿದ್ದರೆ ತಿರುಗಿಸಿ ಹಾಕಿ, ಅದಕ್ಕೆ ಪ್ಲಸ್ ಮೈನಸ್ ಇದೆ. ಡಿಮ್ಮರ್ ಮಾತು ಅದು ಸರಿಯಾಗಿ ಕೇಳದೇ ಇರಬಹುದು. ಆದರೆ ಬ್ಯಾಟರಿ ಚಿತ್ರದ ಕೆಂಪು ಲೈಟನ್ನು ಮುಟ್ಟಬೇಡಿ. ಹಳೆ ಕಾರುಗಳಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಚಾರ್ಜ್ ಶುರು ಮಾಡಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಆ ಕರೆಂಟ್ ಸಾಲದೆ ಬ್ಯಾಟರಿ ಚಾರ್ಜ್ ಆಗದೇ ಹೋಗಬಹುದು. ಕೆಲಸ ಮುಗಿದ ಮೇಲೆ ಇಂಜಿನ್ ಓಡುವಾಗ ಬ್ಯಾಟರಿ ಅಳೆಯಿರಿ, 13.8ರಿಂದ 14.4 ವೋಲ್ಟ್ ಒಳಗೆ ಇರಬೇಕು.